ವಿಕರ್ಣ: ಬಿಗಿದು ಕಟ್ಟಿದ ಹಗ್ಗದ ಹೆಸರು

32 ಇಂಚಿನ ಟಿ.ವಿ. ಕೊಂಡು ತಂದವರು ಮನೆಯಲ್ಲಿ ಟೇಪು ಹಿಡಿದು ಪರದೆಯನ್ನು ಅಳೆದರೆ ಲೆಕ್ಕ ತಾಳೆಯಾಗುವುದಿಲ್ಲ. ಅಗಲ 28 ಇಂಚಿಗೆ ತುಸು ಕಡಿಮೆ, ಎತ್ತರ 16 ಇಂಚಿನ ಒಳಗೆ. ಹಾಗಾದರೆ 32 ಎಲ್ಲಿದೆ? ಟೇಪಿನ ತುದಿಯನ್ನು ಕೆಳಗಿನ ಎಡಮೂಲೆಗೆ ಒತ್ತಿ ಹಿಡಿದು ಮೇಲಿನ ಬಲಮೂಲೆಯವರೆಗೆ ಓರೆಯಾಗಿ ಎಳೆದರೆ ಅಲ್ಲಿ ಸಿಗುತ್ತದೆ. ಮೊಬೈಲ್ ಪರದೆಯ ಅಳತೆಯೂ ಹೀಗೆ ಮೂಲೆಯಿಂದ ಮೂಲೆಗೇ. ಹಳೆಯ ಪೆಟ್ಟಿಗೆ ಟಿ.ವಿ.ಗಳ ಪರದೆಯಲ್ಲಿ ಅಗಲಕ್ಕೂ ಎತ್ತರಕ್ಕೂ 4:3ರ ಪ್ರಮಾಣವಿತ್ತು. 20 ಇಂಚಿನ ಪರದೆಯೆಂದರೆ 16 ಇಂಚು ಅಗಲ, 12 ಇಂಚು ಎತ್ತರ. 3, 4, 5 ಎಂಬ ಪ್ರಸಿದ್ಧ ಸಂಖ್ಯೆಗಳನ್ನು ನಾಲ್ಕರಿಂದ ಗುಣಿಸಿದರೆ ಬರುವ ಅಳತೆಗಳೇ ಅವು.

ಆ ಓರೆಗೆರೆ ಪರದೆಯನ್ನು ಎರಡು ಲಂಬಕೋನ ತ್ರಿಭುಜಗಳಾಗಿ ಸೀಳುತ್ತದೆ. ಎರಡರಲ್ಲೂ ಅತಿ ಉದ್ದದ ಬಾಹು ಅದೇ. ಕನ್ನಡ ಪಠ್ಯಪುಸ್ತಕ ಅದನ್ನು ‘ವಿಕರ್ಣ’ ಎನ್ನುತ್ತದೆ, ಇಂಗ್ಲಿಷ್ ಮಾಧ್ಯಮದ ಮಕ್ಕಳು ‘ಹೈಪಾಟನ್ಯೂಸ್’ ಎನ್ನುತ್ತಾರೆ. ವಿಕರ್ಣದ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ ಎಂಬ ಪೈಥಾಗೊರಸ್ ಪ್ರಮೇಯವನ್ನು ಬಾಯಿಪಾಠ ಮಾಡದೆ ಹತ್ತನೇ ತರಗತಿ ದಾಟಿದವರು ವಿರಳ. ಆದರೆ ಆ ಬಾಹುವಿಗೆ ಆ ಹೆಸರು ಏಕೆ ಬಂತು ಎಂಬುದು ಪಾಠದಲ್ಲಿ ಬರುವುದು ಅಪರೂಪ. ಹೆಸರಿನ ಬೆನ್ನು ಹತ್ತಿದರೆ ಗ್ರೀಸ್‌ನಲ್ಲಾಗಲಿ, ವೇದಕಾಲದ ಭಾರತದಲ್ಲಾಗಲಿ, ಚೀನಾ–ಅರಬ್ ನಾಡುಗಳಲ್ಲಾಗಲಿ ಕೊನೆಗೆ ಕೈಗೆ ಸಿಗುವುದು ಒಂದೇ: ಬಿಗಿಯಾಗಿ ಎಳೆದ ಹಗ್ಗ ಅಥವಾ ದಾರ.

ಕೋನದ ಕೆಳಗೆ ಚಾಚಿದ ಬಾಹು

ಹೈಪಾಟನ್ಯೂಸ್ ಮೂಲತಃ ಗ್ರೀಕ್ ಪದ. ‘ಹುಪೊ’ ಎಂದರೆ ಕೆಳಗೆ, ‘ತೈನೈನ್’ ಎಂದರೆ ಎಳೆಯುವುದು, ಚಾಚುವುದು. ಎರಡೂ ಸೇರಿ ‘ಹುಪೊತೈನೂಸ’, ಅಂದರೆ ಕೆಳಗೆ ಚಾಚಿಕೊಂಡಿರುವುದು. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದಾಗ ವೈದ್ಯರು ಹೇಳುವ ‘ಹೈಪೋಥೈರಾಯ್ಡ್’ ಪದದ ಮೊದಲ ಭಾಗವೂ ಇದೇ ‘ಹುಪೊ’. ಪದದ ಎರಡನೆಯ ಭಾಗಕ್ಕೆ ಕನ್ನಡದಲ್ಲೂ ನೆಂಟರಿದ್ದಾರೆ. ತೈನೈನ್ ಕ್ರಿಯಾಪದವೂ ಸಂಸ್ಕೃತದ ‘ತನ್’ ಧಾತುವೂ ಒಂದೇ ಬೇರಿನಿಂದ ಕವಲೊಡೆದವು ಎಂಬುದು ಭಾಷಾವಿಜ್ಞಾನದಲ್ಲಿ ಸ್ಥಿರಪಟ್ಟ ಸಂಗತಿ. ತಂತು, ತಂತ್ರ, ವೀಣೆಯ ತಂತಿ ಎಲ್ಲವೂ ಆ ಧಾತುವಿನ ಸಂತಾನ. ಲ್ಯಾಟಿನ್ ದಾರಿಯಲ್ಲಿ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಬಂದು ನೆಲೆಸಿದ ‘ಟೆನ್ಷನ್’, ‘ಟೆಂಟ್’ ಪದಗಳೂ ಅದೇ ಬೇರಿನವು. ಎಳೆತ, ಬಿಗಿತ ಈ ಎಲ್ಲದರ ಒಳಗಿನ ಅರ್ಥ.

ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿದ್ದ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಸಂಪುಟದ 47ನೆಯ ಪ್ರಮೇಯವಾಗಿ ಪೈಥಾಗೊರಸ್ ಪ್ರಮೇಯವನ್ನು ಸಾಧಿಸಿದ. ಅಲ್ಲಿ ಅವನು ಈ ಬಾಹುವಿಗೆ ಒಂದೇ ಪದದ ಹೆಸರನ್ನು ಕೊಟ್ಟಿಲ್ಲ, ಲಂಬಕೋನದ ಕೆಳಗೆ ಚಾಚಿರುವ ಬಾಹು ಎಂದು ವರ್ಣಿಸುತ್ತಾನೆ. ಅದೇ ಸಂಪುಟದ 18ನೆಯ ಪ್ರಮೇಯದಲ್ಲಿ, ಯಾವುದೇ ತ್ರಿಭುಜದಲ್ಲಿ ದೊಡ್ಡ ಬಾಹು ದೊಡ್ಡ ಕೋನದ ಎದುರಿಗೇ ಇರುತ್ತದೆ ಎಂದು ಹೇಳುವಾಗಲೂ ಇದೇ ಕ್ರಿಯಾಪದ ಬಳಕೆಯಾಗಿದೆ. ಹಾಗಾಗಿ ಮೊದಲಿಗೆ ಯಾವ ಕೋನದ ಎದುರು ಬಾಹುವನ್ನಾದರೂ ಹೀಗೆ ವರ್ಣಿಸಬಹುದಿತ್ತು. ಮುಂದೆ ಲಂಬಕೋನದ ಎದುರಿನ ಬಾಹುವಿಗೇ ಅದು ಅಂಕಿತನಾಮವಾಯಿತು, ಲ್ಯಾಟಿನ್‌ನಲ್ಲಿ ‘ಹೈಪೊಟೆನೂಸ’ ಆಗಿ 16ನೆಯ ಶತಮಾನದಲ್ಲಿ ಇಂಗ್ಲಿಷ್ ಸೇರಿತು.

ಇಲ್ಲಿ ವಿದ್ಯಾರ್ಥಿಗಳಿಗೊಂದು ತೊಡಕಿದೆ. ನಮ್ಮ ಪುಸ್ತಕಗಳಲ್ಲಿ ಲಂಬಕೋನವನ್ನು ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ ಬರೆಯುತ್ತಾರೆ. ಆಗ ವಿಕರ್ಣ ಕೋನದ ಮೇಲ್ಗಡೆ ಓರೆಯಾಗಿ ನಿಲ್ಲುತ್ತದೆ, ‘ಕೆಳಗೆ ಚಾಚಿದ್ದು’ ಎಂಬ ಹೆಸರಿಗೆ ಅರ್ಥವೇ ಇಲ್ಲದಂತಾಗುತ್ತದೆ. ಚಿತ್ರವನ್ನು ತಿರುಗಿಸಿ ಲಂಬಕೋನವನ್ನು ಮೇಲಕ್ಕೆ ತಂದರೆ ಎಲ್ಲವೂ ಸ್ಪಷ್ಟ. ಎರಡು ಬಾಹುಗಳು ಮನೆಯ ಮಾಡಿನ ಇಳಿಜಾರಿನಂತೆ ಎರಡೂ ಕಡೆ ಇಳಿಯುತ್ತವೆ, ಅವುಗಳ ತುದಿಯಿಂದ ತುದಿಗೆ ವಿಕರ್ಣ ಅಡ್ಡಲಾಗಿ ಚಾಚಿ ಮಲಗಿರುತ್ತದೆ.

ಓರೆಯಾಗಿರುವ ಗೆರೆಯೇ ವಿಕರ್ಣ ಎಂದು ಗುರುತಿಟ್ಟುಕೊಂಡ ಮಗು ಈ ತಿರುಗಿಸಿದ ಚಿತ್ರದಲ್ಲಿ ಖಂಡಿತ ಎಡವುತ್ತದೆ. ವಿಕರ್ಣದ ಗುರುತು ಓರೆಯಲ್ಲಿಲ್ಲ, ಅದು ಲಂಬಕೋನದ ಎದುರಿಗಿರುವುದರಲ್ಲಿದೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಒಂದು ಕೋನವೇ 90 ಆದರೆ ಉಳಿದೆರಡೂ ಸೇರಿ 90. ಹಾಗಾಗಿ ಲಂಬಕೋನವೇ ಅತಿ ದೊಡ್ಡದು, ಅದರ ಎದುರಿನ ಬಾಹುವೇ ಅತಿ ಉದ್ದ. ಅಧಿಕಕೋನ ತ್ರಿಭುಜದಲ್ಲೂ ಒಂದು ಬಾಹು ಅತಿ ಉದ್ದವಾಗಿರುತ್ತದೆ, ಆದರೆ ಅದಕ್ಕೆ ವಿಕರ್ಣವೆಂಬ ಹೆಸರಿಲ್ಲ. ಆ ಹೆಸರು ಲಂಬಕೋನ ತ್ರಿಭುಜಕ್ಕೆ ಮೀಸಲು.

ಯಜ್ಞವೇದಿಯ ಹಗ್ಗ

ಭಾರತದಲ್ಲಿ ಈ ರೇಖೆಯ ಮೊದಲ ಹೆಸರಿನಲ್ಲೇ ಹಗ್ಗವಿದೆ. ಯಜ್ಞವೇದಿಗಳನ್ನು ಕಟ್ಟುವ ಕ್ರಮ ಹೇಳುವ ಗ್ರಂಥಗಳು ಶುಲ್ಬಸೂತ್ರಗಳು. ಶುಲ್ಬ ಎಂದರೆ ಹಗ್ಗ. ಅವುಗಳಲ್ಲಿ ಹಳೆಯದಾದ ಬೋಧಾಯನ ಶುಲ್ಬಸೂತ್ರವನ್ನು ವಿದ್ವಾಂಸರು ಕ್ರಿ.ಪೂ. 800ರಿಂದ 500ರ ನಡುವಿನ ಕಾಲಕ್ಕೆ ಸೇರಿಸುತ್ತಾರೆ. ಈ ರೇಖೆಯ ವಿಷಯ ಹೇಳುವಾಗ ಅದು ತ್ರಿಭುಜದ ಮಾತನ್ನು ಎತ್ತುವುದಿಲ್ಲ, ಆಯತದ ಮಾತಾಡುತ್ತದೆ. ಆಯತದ ಉದ್ದಕ್ಕೆ ಹಿಡಿದ ಹಗ್ಗ ‘ಪಾರ್ಶ್ವಮಾನೀ’, ಅಗಲಕ್ಕೆ ಹಿಡಿದದ್ದು ‘ತಿರ್ಯಙ್ಮಾನೀ’, ಮೂಲೆಯಿಂದ ಮೂಲೆಗೆ ಎಳೆದದ್ದು ‘ಅಕ್ಷ್ಣಯಾರಜ್ಜು’, ಅಂದರೆ ಅಡ್ಡಹಾಯುವ ಹಗ್ಗ. ಮೊದಲಿನ ಎರಡು ಹಗ್ಗಗಳು ಬೇರೆ ಬೇರೆಯಾಗಿ ಕೊಡುವ ಕ್ಷೇತ್ರಫಲಗಳನ್ನು ಅಡ್ಡ ಹಗ್ಗವೊಂದೇ ಒಟ್ಟಾಗಿ ಕೊಡುತ್ತದೆ ಎಂಬುದು ಬೋಧಾಯನನ ನಿಯಮದ ತಾತ್ಪರ್ಯ. ನಾವು ಪೈಥಾಗೊರಸ್ ಪ್ರಮೇಯ ಎನ್ನುವುದು ಇದನ್ನೇ. ಯೂಕ್ಲಿಡ್‌ನಲ್ಲಿರುವಂಥ ಸಾಧನೆ ಇಲ್ಲಿಲ್ಲ, ನಿಯಮವಿದೆ, ಅದು ಗೋಚರವಾಗುವ ಆಯತಗಳ ಪಟ್ಟಿಯಿದೆ: 3 ಮತ್ತು 4, 12 ಮತ್ತು 5, 15 ಮತ್ತು 8, 7 ಮತ್ತು 24, 12 ಮತ್ತು 35, 15 ಮತ್ತು 36. ಇವುಗಳ ಅಡ್ಡ ಹಗ್ಗಗಳು ಕ್ರಮವಾಗಿ 5, 13, 17, 25, 37, 39. ಎಲ್ಲವೂ ಪೂರ್ಣಾಂಕಗಳು.

ಪಟ್ಟಿಯ ಕೊನೆಯ ಜೋಡಿ ಕೆಲಸಕ್ಕೆ ಬರುವುದನ್ನು ಆಪಸ್ತಂಬ ಶುಲ್ಬಸೂತ್ರದಲ್ಲಿ ನೋಡಬಹುದು. ಸೋಮಯಾಗದ ಮಹಾವೇದಿ ಒಂದು ತ್ರಾಪಿಜ್ಯ: ಪಶ್ಚಿಮದ ಬದಿ 30, ಪೂರ್ವದ ಬದಿ 24, ನಡುವಿನ ಉದ್ದ 36 ಮಾನ. ಪೂರ್ವ–ಪಶ್ಚಿಮವಾಗಿ 36 ಮಾನ ದೂರದಲ್ಲಿ ಎರಡು ಗೂಟ ನೆಟ್ಟು, 54 ಮಾನ ಉದ್ದದ ಹಗ್ಗದ ತುದಿಗಳನ್ನು ಅವಕ್ಕೆ ಕಟ್ಟುತ್ತಾರೆ. ಪಶ್ಚಿಮದ ತುದಿಯಿಂದ 15 ಮಾನಕ್ಕೆ ಇರುವ ಗುರುತನ್ನು ಹಿಡಿದು ಪಕ್ಕಕ್ಕೆ ಬಿಗಿಯಾಗಿ ಎಳೆಯುತ್ತಾರೆ. ಹಗ್ಗದ ಉಳಿದ ಭಾಗ 39 ಮಾನ. 15, 36, 39ರ ತ್ರಿಭುಜ ಏರ್ಪಟ್ಟು ಪಶ್ಚಿಮದ ಗೂಟದ ಬಳಿ ತಾನಾಗಿ ಲಂಬಕೋನ ಮೂಡುತ್ತದೆ. ಇನ್ನೊಂದು ಪಕ್ಕಕ್ಕೂ ಹಾಗೆಯೇ ಎಳೆದರೆ 15 ಮತ್ತು 15 ಸೇರಿ 30 ಮಾನದ ಬದಿ ಸಿದ್ಧ. ಕೋನಮಾಪಕ ಬೇಡ, ಲೆಕ್ಕದ ಹಲಗೆ ಬೇಡ. ಹಗ್ಗದ ಎಳೆತವೇ ಮೂಲೆಯನ್ನು ನೇರ್ಪಡಿಸುತ್ತದೆ.

ಚೌಕದ ಅಡ್ಡ ಹಗ್ಗ ಮಾತ್ರ ಪೂರ್ಣಾಂಕಕ್ಕೆ ದಕ್ಕುವುದಿಲ್ಲ. 1 ಮಾನದ ಚೌಕಕ್ಕೆ ಅದು 2ರ ವರ್ಗಮೂಲ. ಶುಲ್ಬಸೂತ್ರಗಳು ಅದಕ್ಕೆ ಕೊಡುವ ಬೆಲೆ ಇಂದಿನ ರೂಪದಲ್ಲಿ 577/408, ದಶಮಾಂಶದಲ್ಲಿ 1.4142157. ಸರಿಯಾದ ಬೆಲೆ 1.4142136. ಇಂದಿನ ಇರಾಕಿನ ನೆಲದಲ್ಲಿದ್ದ ಬ್ಯಾಬಿಲೋನಿಯದವರು ಇದಕ್ಕೂ ನೂರಾರು ವರ್ಷ ಮೊದಲೇ ಜೇಡಿಮಣ್ಣಿನ ಹಲಗೆಯೊಂದರ ಮೇಲೆ ಚೌಕ ಬರೆದು, ಅದರ ಓರೆಗೆರೆಯ ಮೇಲೆ ಐದು ದಶಮಾಂಶ ಸ್ಥಾನಗಳವರೆಗೆ ಸರಿಯಾದ ಬೆಲೆಯನ್ನು ಅರವತ್ತರ ಮಾನದಲ್ಲಿ ಕೆತ್ತಿದ್ದರು. ಆ ಹಲಗೆ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಕ್ರಿ.ಪೂ. 1800ರ ಸುಮಾರಿನ ಇನ್ನೊಂದು ಹಲಗೆ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿರುವ ‘ಪ್ಲಿಂಪ್ಟನ್ 322’. ಅದರ 15 ಸಾಲುಗಳಲ್ಲಿ ಲಂಬಕೋನ ತ್ರಿಭುಜಗಳಿಗೆ ಹೊಂದುವ ಸಂಖ್ಯೆಗಳಿವೆ. ಮೊದಲ ಸಾಲಿನಲ್ಲಿ 119 ಮತ್ತು 169 ಇವೆ, ಜೊತೆಗೆ 120 ಸೇರಿದರೆ ತ್ರಿಭುಜ ಪೂರ್ಣ. ಪೈಥಾಗೊರಸ್ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲಿನ ಲೆಕ್ಕವಿದು.

ಹಗ್ಗ ಹೋಗಿ ಕರ್ಣ ಬಂದದ್ದು

ಕ್ರಿ.ಶ. 499ರಲ್ಲಿ ಆರ್ಯಭಟ ‘ಆರ್ಯಭಟೀಯ’ ರಚಿಸುವ ಹೊತ್ತಿಗೆ ಮಾತು ಬದಲಾಗಿತ್ತು. ಲಂಬಕೋನದ ಎರಡು ಬದಿಗಳು ‘ಭುಜ’ ಮತ್ತು ‘ಕೋಟಿ’, ಎದುರು ಬದಿ ‘ಕರ್ಣ’. ಭುಜ ಎಂದರೆ ತೋಳು. ಕೋಟಿ ಎಂದರೆ ಬಿಲ್ಲಿನ ತುದಿ. ಕರ್ಣ ಎಂದರೆ ಕಿವಿ. ಪದ್ಯದಲ್ಲಿ ಗಣಿತ ಬರೆಯುತ್ತಿದ್ದವರು ಛಂದಸ್ಸಿಗೆ ಹೊಂದಿಸಲು ಕಿವಿಯ ಇತರ ಹೆಸರುಗಳನ್ನೂ ಇದೇ ರೇಖೆಗೆ ಬಳಸಿದರು. ಹಾಗಾಗಿ ಹಳೆಯ ಗಣಿತ ಗ್ರಂಥಗಳಲ್ಲಿ ‘ಶ್ರುತಿ’, ‘ಶ್ರವಣ’ ಎಂದು ಬಂದರೆ ಅಲ್ಲಿ ವೇದವೂ ಇಲ್ಲ, ಸಂಗೀತವೂ ಇಲ್ಲ; ಇರುವುದು ತ್ರಿಭುಜದ ಉದ್ದ ಬಾಹು.

ಕರ್ಣ ಪದದ ಹರಹು ಕಿವಿಗಿಂತ ದೊಡ್ಡದು. ಪಾತ್ರೆಯ ಬದಿಯ ಹಿಡಿಯೂ ಕರ್ಣ, ದೋಣಿಯ ಚುಕ್ಕಾಣಿಯೂ ಕರ್ಣ. ಚುಕ್ಕಾಣಿ ಹಿಡಿದವನೇ ಕರ್ಣಧಾರ. ದೇವಾಲಯ ವಾಸ್ತುವಿನಲ್ಲಿ ಮೂಲೆಗೆ ಕರ್ಣ ಎಂದೇ ಹೆಸರು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ವಿಮಾನವನ್ನು ನೋಡಿದವರು ಅಂತಸ್ತಿನ ಮೂಲೆಗಳಲ್ಲಿ ಕೂತ ಪುಟ್ಟ ಚೌಕ ಗುಡಿಗಳನ್ನು ಗಮನಿಸಿರಬಹುದು. ಸ್ಥಪತಿಗಳ ಮಾತಿನಲ್ಲಿ ಅವು ‘ಕರ್ಣಕೂಟ’ಗಳು, ಅಂದರೆ ಮೂಲೆಗುಡಿಗಳು. ಆಯತದಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ರೇಖೆಗೆ ಕರ್ಣ ಎಂಬ ಹೆಸರು ಈ ಅರ್ಥಕ್ಕೆ ಚೆನ್ನಾಗಿ ಒಪ್ಪುತ್ತದೆ. ಕುಂತಿಯ ಮಗ ಕರ್ಣನಿಗೂ, ದುರ್ಯೋಧನನ ತಮ್ಮ ವಿಕರ್ಣನಿಗೂ ರೇಖಾಗಣಿತಕ್ಕೂ ಯಾವ ಸಂಬಂಧವೂ ಇಲ್ಲ.

ಕರ್ಣಕ್ಕೆ ದಿನನಿತ್ಯದ ಕೆಲಸ ಕೊಟ್ಟವರು ಜ್ಯೋತಿರ್ವಿದರು. ಅವರು ಸಮತಟ್ಟಾದ ನೆಲದಲ್ಲಿ 12 ಅಂಗುಲದ ಶಂಕು ನಿಲ್ಲಿಸಿ ನೆರಳನ್ನು ಅಳೆಯುತ್ತಿದ್ದರು. ಶಂಕು ಕೋಟಿ, ನೆರಳು ಭುಜ, ಶಂಕುವಿನ ತುದಿಯಿಂದ ನೆರಳಿನ ತುದಿಗೆ ಹೋಗುವ ರೇಖೆ ‘ಛಾಯಾಕರ್ಣ’. ನೆರಳು 5 ಅಂಗುಲವಾದರೆ ಛಾಯಾಕರ್ಣ 13, ನೆರಳು 9 ಆದರೆ 15, ನೆರಳು 16 ಆದರೆ 20. ಸೂರ್ಯನ ಎತ್ತರ, ಊರಿನ ಅಕ್ಷಾಂಶ, ಹೊತ್ತು ಎಷ್ಟಾಯಿತೆಂಬ ಲೆಕ್ಕ, ಎಲ್ಲಕ್ಕೂ ಈ ತ್ರಿಭುಜವೇ ಆಧಾರ.

ಕನ್ನಡ ನಾಡಿಗೆ ಈ ಕಥೆಯಲ್ಲಿ ಗಟ್ಟಿಯಾದ ಪಾಲಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದ. ಗ್ರಂಥದ ಆರಂಭದಲ್ಲಿ ನೃಪತುಂಗನ ಹೊಗಳಿಕೆಯಿದೆ. ಭುಜ, ಕೋಟಿ, ಕರ್ಣ ಮೂರೂ ಪೂರ್ಣಾಂಕವಾಗುವ ಆಯತಗಳನ್ನು ಬೇಕಾದಷ್ಟು ಹುಟ್ಟಿಸುವ ಬಗೆಯನ್ನು ಅವನು ವಿಸ್ತಾರವಾಗಿ ಹೇಳುತ್ತಾನೆ. ಎರಡು ಸಂಖ್ಯೆಗಳನ್ನು ‘ಬೀಜ’ವಾಗಿ ತೆಗೆದುಕೊಳ್ಳಬೇಕು. ಅವುಗಳ ವರ್ಗಗಳ ವ್ಯತ್ಯಾಸ ಒಂದು ಬದಿ, ಗುಣಲಬ್ಧದ ಎರಡು ಪಟ್ಟು ಇನ್ನೊಂದು ಬದಿ, ವರ್ಗಗಳ ಮೊತ್ತವೇ ಕರ್ಣ. ಬೀಜಗಳು 2 ಮತ್ತು 1 ಆದರೆ 3, 4, 5 ಬರುತ್ತದೆ. 3 ಮತ್ತು 2 ಆದರೆ 5, 12, 13. ಬೀಜದಿಂದ ಹುಟ್ಟಿದ ಈ ಆಕೃತಿಗೆ ‘ಜನ್ಯ’ ಎಂದು ಹೆಸರು. ಓದುಗರು ಕಾಗದ ತೆಗೆದು 4 ಮತ್ತು 1 ಇಟ್ಟು ನೋಡಬಹುದು: ಬೋಧಾಯನನ ಪಟ್ಟಿಯ 15, 8, 17 ಎದುರು ಬಂದು ನಿಲ್ಲುತ್ತದೆ.

12ನೆಯ ಶತಮಾನದಲ್ಲಿ ರಾಜಾದಿತ್ಯ ‘ಕ್ಷೇತ್ರಗಣಿತ’, ‘ವ್ಯವಹಾರಗಣಿತ’ ಮುಂತಾದ ಕೃತಿಗಳನ್ನು ಕನ್ನಡದಲ್ಲೇ ರಚಿಸಿ ಗಣಿತವನ್ನು ನಾಡಮಾತಿಗೆ ತಂದ. ಅದೇ ಶತಮಾನದಲ್ಲಿ, 1150ರಲ್ಲಿ, ಎರಡನೆಯ ಭಾಸ್ಕರಾಚಾರ್ಯನ ‘ಲೀಲಾವತಿ’ ಬಂತು. ಕರ್ಣವನ್ನು ಕಥೆಯಾಗಿಸಿ ಹೇಳುವುದರಲ್ಲಿ ಅವನಿಗೆ ಸಾಟಿಯಿಲ್ಲ. 32 ಮೊಳದ ಬಿದಿರು ಗಾಳಿಗೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದೆ. ಮುರಿದದ್ದು ಎಷ್ಟು ಎತ್ತರದಲ್ಲಿ? ನಿಂತ ಭಾಗ ಕೋಟಿ, ನೆಲದ ದೂರ ಭುಜ, ಬಾಗಿದ ಭಾಗ ಕರ್ಣ. ಉತ್ತರ 12 ಮೊಳ, ಕರ್ಣ 20. ಇನ್ನೊಂದರಲ್ಲಿ ಕೊಳದ ತಾವರೆ ನೀರಿನಿಂದ ಅರ್ಧ ಮೊಳ ಮೇಲಿದ್ದು, ಗಾಳಿಗೆ ವಾಲಿ ಎರಡು ಮೊಳ ಆಚೆ ಮುಳುಗುತ್ತದೆ. ವಾಲಿದ ದಂಟೇ ಕರ್ಣ, ಕೊಳದ ಆಳ ಮೂರೂ ಮುಕ್ಕಾಲು ಮೊಳ. ಬಿದಿರಿನ ಲೆಕ್ಕವನ್ನು ಹೋಲುವ ಸಮಸ್ಯೆ ಚೀನಾದ ಪ್ರಾಚೀನ ಗಣಿತ ಗ್ರಂಥ ‘ಒಂಬತ್ತು ಅಧ್ಯಾಯಗಳು’ ಎಂಬುದರಲ್ಲೂ ಇದೆ.

ಬಿಲ್ಲಿನ ಹೆದೆ

ಚೀನಾದವರು ಲಂಬಕೋನ ತ್ರಿಭುಜದ ಗಿಡ್ಡ ಬದಿಯನ್ನು ‘ಗೌ’, ಉದ್ದನೆಯ ಬದಿಯನ್ನು ‘ಗೂ’, ವಿಕರ್ಣವನ್ನು ‘ಶಿಯನ್’ ಎಂದರು. ಶಿಯನ್ ಎಂದರೆ ಬಿಲ್ಲಿನ ಹೆದೆ. ಅಲ್ಲಿ ಪ್ರಮೇಯದ ಹೆಸರೇ ‘ಗೌ–ಗೂ’. ಅರಬ್ಬೀ ಭಾಷೆಯಲ್ಲಿ ವಿಕರ್ಣಕ್ಕೆ ‘ವತರ್’ ಎನ್ನುತ್ತಾರೆ. ಅದಕ್ಕೂ ಹೆದೆ, ತಂತಿ ಎಂದೇ ಅರ್ಥ. ವೃತ್ತದ ಜ್ಯಾಕ್ಕೂ ಅದೇ ಪದ.

ಹೆದೆಯ ಹೆಸರಿಗೆ ರೇಖಾಗಣಿತದ ಬೆಂಬಲವೂ ಇದೆ. ವಿಕರ್ಣದ ಮಧ್ಯಬಿಂದುವಿನಲ್ಲಿ ಕೈವಾರದ ಮುಳ್ಳಿಟ್ಟು, ವಿಕರ್ಣದ ಅರ್ಧದಷ್ಟು ತ್ರಿಜ್ಯದಿಂದ ವೃತ್ತ ಎಳೆದರೆ ಅದು ಲಂಬಕೋನದ ಶೃಂಗದ ಮೂಲಕವೇ ಹಾದುಹೋಗುತ್ತದೆ. ಅರ್ಧವೃತ್ತ ಬಿಲ್ಲಾಗುತ್ತದೆ, ವಿಕರ್ಣ ಹೆದೆಯಾಗುತ್ತದೆ, ಲಂಬಕೋನದ ಶೃಂಗ ಬಿಲ್ಲಿನ ಮೇಲೆ ಎಲ್ಲಿ ಕೂತರೂ ಅದು ಲಂಬಕೋನವಾಗಿಯೇ ಉಳಿಯುತ್ತದೆ. ಭಾರತೀಯ ಗಣಿತವೂ ಈ ಬಿಲ್ಲಿನ ಭಾಷೆಯನ್ನು ಕೈಬಿಟ್ಟಿರಲಿಲ್ಲ: ಚಾಪ, ಜ್ಯಾ, ಶರ, ಕೋಟಿ ಎಲ್ಲವೂ ಬಿಲ್ಲುಗಾರಿಕೆಯ ಮಾತುಗಳೇ.

ಪಾಯದ ಮೂಲೆಯಲ್ಲಿ ಇಂದಿಗೂ

ಹಗ್ಗದ ಈ ಜ್ಞಾನ ಗ್ರಂಥಗಳಲ್ಲಿ ಮಾತ್ರ ಉಳಿದಿಲ್ಲ. ಮನೆಯ ಪಾಯ ಗುರುತಿಸುವಾಗ ಮೇಸ್ತ್ರಿಗಳು ಮೂಲೆಗೆ ಗೂಟ ಹೊಡೆದು, ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ, ಗುರುತುಗಳ ನಡುವೆ ಟೇಪು ಹಿಡಿಯುತ್ತಾರೆ. ಸರಿಯಾಗಿ 5 ಅಡಿ ಬಂದರೆ ಮೂಲೆ ಲಂಬ. ಕಡಿಮೆ ಬಂದರೆ ಮೂಲೆ ಒಳಕ್ಕೆ ಮಡಚಿದೆ, ಹೆಚ್ಚು ಬಂದರೆ ಬಿಚ್ಚಿಕೊಂಡಿದೆ. ದೊಡ್ಡ ಕಟ್ಟಡವಾದರೆ 6, 8, 10 ಅಡಿ ಹಿಡಿಯುವುದು ಒಳ್ಳೆಯದು, ಅಳತೆ ದೊಡ್ಡದಾದಷ್ಟೂ ತಪ್ಪು ಬೇಗ ಕಾಣುತ್ತದೆ. ನಾಲ್ಕೂ ಬದಿ ಗುರುತಾದ ಮೇಲೆ ಎರಡು ಓರೆಗಳನ್ನು ಅಳೆದು ಸಮವಾಗಿವೆಯೇ ಎಂದು ನೋಡುತ್ತಾರೆ. ಎದುರುಬದುರು ಬದಿಗಳು ಸಮವಿದ್ದು ಓರೆಗಳೂ ಸಮವಿದ್ದರೆ ಅದು ನಿಜವಾದ ಆಯತ. ಬೋಧಾಯನ ಮತ್ತು ಆಪಸ್ತಂಬರ ಹಗ್ಗದ ಕೆಲಸಕ್ಕೂ ಇದಕ್ಕೂ ತತ್ವದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಕನ್ನಡದ ವಿದ್ಯಾರ್ಥಿಗಳು ಎಚ್ಚರದಿಂದ ತಿಳಿಯಬೇಕಾದ ಒಂದು ಸಂಗತಿ ಇನ್ನೂ ಇದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಚತುರ್ಭುಜದ ಎದುರು ಶೃಂಗಗಳನ್ನು ಸೇರಿಸುವ ರೇಖೆ ‘ಕರ್ಣ’, ಲಂಬಕೋನ ತ್ರಿಭುಜದ ಉದ್ದ ಬಾಹು ‘ವಿಕರ್ಣ’. ಹಿಂದಿ ಪಠ್ಯಗಳಲ್ಲಿ ಇದು ತಿರುಗುಮುರುಗು: ಅಲ್ಲಿ ತ್ರಿಭುಜದ್ದು ‘ಕರ್ಣ್’, ಚತುರ್ಭುಜದ್ದು ‘ವಿಕರ್ಣ್’. ಆರ್ಯಭಟ, ಭಾಸ್ಕರರ ಬಳಕೆಯಲ್ಲಿ ಎರಡಕ್ಕೂ ಕರ್ಣವೇ. ಆಯತವನ್ನು ಓರೆಯಾಗಿ ಸೀಳಿದಾಗ ಅದರ ಕರ್ಣವೇ ತ್ರಿಭುಜದ ಉದ್ದ ಬಾಹುವಾಗುವುದರಿಂದ ಅವರಿಗೆ ಎರಡು ಹೆಸರು ಬೇಕಾಗಲಿಲ್ಲ. ಹಳೆಯ ಗ್ರಂಥಗಳನ್ನು ಓದುವವರು, ಹಿಂದಿಯಲ್ಲಿ ಬರುವ ಗಣಿತದ ವಿಡಿಯೊ ಪಾಠಗಳನ್ನು ನೋಡುವ ಮಕ್ಕಳು ಈ ವ್ಯತ್ಯಾಸ ನೆನಪಿಟ್ಟುಕೊಂಡರೆ ಗೊಂದಲ ತಪ್ಪುತ್ತದೆ.

ಶಿಕ್ಷಕರಲ್ಲಿ ಮತ್ತು ಪೋಷಕರಲ್ಲಿ ಒಂದು ವಿನಂತಿ. ಪ್ರಮೇಯದ ಸೂತ್ರವನ್ನು ಹಲಗೆಯ ಮೇಲೆ ಬರೆಯುವ ಮೊದಲು ಮಕ್ಕಳ ಕೈಗೆ ಒಂದು ಹಗ್ಗ ಕೊಡಿ. ಅದರಲ್ಲಿ ಸಮ ಅಂತರದ 12 ಭಾಗಗಳನ್ನು ಗುರುತಿಸಿ, ಎರಡೂ ತುದಿಗಳನ್ನು ಸೇರಿಸಿ ಗಂಟು ಹಾಕಿಸಿ. ಮೂವರು ಮಕ್ಕಳು 3, 4, 5 ಭಾಗಗಳ ಅಂತರದಲ್ಲಿ ನಿಂತು ಹಗ್ಗವನ್ನು ಬಿಗಿಯಾಗಿ ಎಳೆಯಲಿ. ಮೂಡಿದ ಮೂಲೆಗೆ ಒಂದು ಪುಸ್ತಕದ ಮೂಲೆಯನ್ನು ಹಿಡಿದು ನೋಡಲಿ. ಎದುರಿಗೆ 5 ಭಾಗ ಉದ್ದಕ್ಕೆ ಚಾಚಿಕೊಂಡ ಹಗ್ಗವನ್ನು ತೋರಿಸಿ ಇದು ವಿಕರ್ಣ ಎಂದು ಆಮೇಲೆ ಹೇಳಿ. ತರಗತಿಯ ಅರ್ಧ ಗಂಟೆ ಇದಕ್ಕೆ ಸಾಕು, ಖರ್ಚು ಒಂದು ಹಗ್ಗದ್ದು.